ಸುಟ್ಟ ಕೈಗೆ ಮೊದಲ 20 ನಿಮಿಷ

ಒಲೆ ಉರಿಯುವ ಮನೆಯಲ್ಲಿ ಒಮ್ಮೆಯೂ ಕೈ ಸುಟ್ಟುಕೊಳ್ಳದವರು ಸಿಗುವುದು ಕಷ್ಟ. ಬಾಣಲೆಯಿಂದ ಸಿಡಿದ ಎಣ್ಣೆ, ಕುಕ್ಕರ್ ಮುಚ್ಚಳ ತೆಗೆದಾಗ ನುಗ್ಗುವ ಆವಿ, ಅನ್ನ ಬಸಿಯುವಾಗ ಚೆಲ್ಲಿದ ಗಂಜಿ, ಬಿರಿಯಾನಿಯ ದಮ್ ತೆರೆಯುವಾಗ ಮಣಿಕಟ್ಟಿಗೆ ತಾಗುವ ಬಿಸಿ, ಇಸ್ತ್ರಿ ಪೆಟ್ಟಿಗೆ, ಬೈಕಿನ ಸೈಲೆನ್ಸರ್ ಎಲ್ಲವೂ ಸುಡಲು ಕ್ಷಣ ಸಾಕು. ರಮಝಾನ್ ತಿಂಗಳಲ್ಲಂತೂ ಇದರ ಸಂಭವ ಇನ್ನೂ ಹೆಚ್ಚು. ದಿನವಿಡೀ ಉಪವಾಸವಿದ್ದು ದಣಿದ ದೇಹ, ಸಂಜೆ ಬಾಂಗಿಗೆ ಮುನ್ನ ಮುಗಿಸಲೇಬೇಕೆಂಬ ಆತುರ, ಒಂದು ಒಲೆಯಲ್ಲಿ ಸಮೋಸ, ಇನ್ನೊಂದರಲ್ಲಿ ಚಹಾ, ಕಾಲಬುಡದಲ್ಲಿ ಮಕ್ಕಳು. ಎಣ್ಣೆ ಕೈಗೆ ಸಿಡಿಯುವುದು ಇಂಥ ಹೊತ್ತಿನಲ್ಲೇ.

ಆ ಮೇಲೆ ಏನಾಗುತ್ತದೆ ಎಂಬುದೂ ನಿಮಗೆ ಗೊತ್ತು. ಒಬ್ಬರು ಟೂತ್‌ಪೇಸ್ಟ್ ತರಲು ಓಡುತ್ತಾರೆ. ಇನ್ನೊಬ್ಬರು ಅರಶಿನ ಹುಡುಕುತ್ತಾರೆ. ಹಿರಿಯರೊಬ್ಬರು "ನೀರು ಮಾತ್ರ ಮುಟ್ಟಿಸಬೇಡಿ, ಗುಳ್ಳೆ ಬರುತ್ತದೆ" ಎಂದು ಎಚ್ಚರಿಸುತ್ತಾರೆ. ಸುಟ್ಟುಕೊಂಡಾಕೆ ಕೈಗೆ ಒಮ್ಮೆ ಉಫ್ ಎಂದು ಊದಿ, ಸೆರಗಿನ ತುದಿಯಲ್ಲಿ ಒರೆಸಿ, ಮತ್ತೆ ಸೌಟು ಹಿಡಿಯುತ್ತಾಳೆ. ರಾತ್ರಿ ನಿದ್ದೆ ಬಾರದಷ್ಟು ಉರಿ. ಮರುದಿನ ಗುಳ್ಳೆ. ಮೂರನೆಯ ದಿನ ಕೀವು.

ಈ ಲೇಖನದಿಂದ ನೀವು ಒಂದೇ ಒಂದು ವಿಷಯವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಸುಟ್ಟ ಗಾಯಕ್ಕೆ ಮನೆಯಲ್ಲಿ ಮಾಡಬಹುದಾದ ಅತ್ಯುತ್ತಮ ಚಿಕಿತ್ಸೆ ನಲ್ಲಿಯ ನೀರು. ಒಂದೆರಡು ಕ್ಷಣವಲ್ಲ, ಪೂರ್ತಿ 20 ನಿಮಿಷ. ಉಳಿದದ್ದೆಲ್ಲ ಅದರ ನಂತರ.

ಚರ್ಮದೊಳಗೆ ಏನಾಗುತ್ತದೆ?

ಕಾಯುತ್ತಿರುವ ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಿದರೆ ಅದು ಕೂಡಲೇ ತಣ್ಣಗಾಗುವುದಿಲ್ಲ. ಚರ್ಮವೂ ಹಾಗೆಯೇ. ಎಣ್ಣೆಯನ್ನು ಒರೆಸಿದಿರಿ, ಕೈಯನ್ನು ಹಿಂದೆ ಎಳೆದುಕೊಂಡಿರಿ. ಆದರೆ ಚರ್ಮ ಹೀರಿಕೊಂಡ ಬಿಸಿ ಒಳಗೇ ಉಳಿದಿರುತ್ತದೆ. ಅದು ಮೇಲ್ಪದರದಿಂದ ಕೆಳಪದರಕ್ಕೆ ಇಳಿಯುತ್ತಾ ಹೋಗುತ್ತದೆ. ಚರ್ಮದ ಉಷ್ಣತೆ ಸುಮಾರು 44 ಡಿಗ್ರಿ ಸೆಲ್ಸಿಯಸ್ ದಾಟಿ ಹಾಗೆಯೇ ನಿಂತರೆ ಜೀವಕೋಶಗಳು ಹಾನಿಗೊಳ್ಳಲು ಶುರುವಾಗುತ್ತವೆ. ಉಷ್ಣತೆ ಹೆಚ್ಚಿದಷ್ಟೂ ಅದಕ್ಕೆ ಬೇಕಾದ ಸಮಯ ಕಡಿಮೆ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಕೆಲವೇ ಸೆಕೆಂಡುಗಳು ಸಾಕು. ಕುದಿಯುವ ನೀರು 100 ಡಿಗ್ರಿ. ಸಮೋಸ ಕರಿಯುವ ಎಣ್ಣೆ ಸುಮಾರು 180 ಡಿಗ್ರಿ.

ಒಂದು ಹನಿ ಎಣ್ಣೆ ಅಷ್ಟೊಂದು ಉರಿ ಕೊಡುವುದು ಇದೇ ಕಾರಣಕ್ಕೆ. ಎಣ್ಣೆ ಚರ್ಮಕ್ಕೆ ಅಂಟಿಕೊಂಡು ಬಿಸಿಯನ್ನು ಬಿಡದೆ ಹಿಡಿದಿಡುತ್ತದೆ. ಗಂಜಿ, ಪಾಯಸ, ಸಕ್ಕರೆ ಪಾಕಗಳದ್ದೂ ಇದೇ ಗುಣ. ನೀರು ಹರಿದು ಹೋಗುತ್ತದೆ, ಇವು ಮೆತ್ತಿಕೊಳ್ಳುತ್ತವೆ.

ಈಗ ನಲ್ಲಿಯ ನೀರಿನ ಕೆಲಸ ಅರ್ಥವಾದೀತು. ಹರಿಯುವ ನೀರು ಚರ್ಮದೊಳಗಿನ ಬಿಸಿಯನ್ನು ಹೊರಗೆಳೆದುಕೊಂಡು ಹೋಗುತ್ತದೆ. ಸುಡುವಿಕೆ ಆಳಕ್ಕಿಳಿಯುವುದು ನಿಲ್ಲುತ್ತದೆ, ಊತ ತಗ್ಗುತ್ತದೆ, ನೋವು ಇಳಿಯುತ್ತದೆ. ಬೇಗ ಶುರುಮಾಡಿದಷ್ಟೂ ಒಳ್ಳೆಯದು. ಆದರೆ ತಡವಾಯಿತೆಂದು ಬಿಟ್ಟುಬಿಡಬೇಡಿ; ಸುಟ್ಟು ಮೂರು ಗಂಟೆಯ ಒಳಗೆ ನೀರು ಹಿಡಿದರೂ ಪ್ರಯೋಜನವಿದೆ.

ಏನು ಮಾಡಬೇಕು? ಒಂದೊಂದಾಗಿ

1. ಒಲೆ ಆರಿಸಿ. ಮೊದಲು ಗ್ಯಾಸ್ ಬಂದ್ ಮಾಡಿ, ಮತ್ತೆ ಅಲ್ಲಿಂದ ದೂರ ಸರಿಯಿರಿ. ಕೈ ಉರಿಯ ಗಾಬರಿಯಲ್ಲಿ ಎಣ್ಣೆಯ ಬಾಣಲೆಯನ್ನು ಹಾಗೆಯೇ ಬಿಟ್ಟು ಓಡಿದರೆ ಇನ್ನೊಂದು ಅನಾಹುತವಾದೀತು.

2. ಉಂಗುರ, ಬಳೆ, ಕೈಗಡಿಯಾರ ತೆಗೆಯಿರಿ. ಸುಟ್ಟ ಜಾಗ ಕೆಲವೇ ನಿಮಿಷಗಳಲ್ಲಿ ಊದಿಕೊಳ್ಳುತ್ತದೆ. ಊದಿದ ಬೆರಳಿನಲ್ಲಿ ಉಂಗುರ ಸಿಕ್ಕಿಕೊಂಡರೆ ರಕ್ತಸಂಚಾರವೇ ನಿಲ್ಲಬಹುದು. ಇದನ್ನು ನೀರಿನ ಕೆಳಗೆ ಕೈ ಹಿಡಿದುಕೊಂಡೇ ಮಾಡಿ.

3. ಬಿಸಿ ದ್ರವ ಬಿದ್ದು ಒದ್ದೆಯಾದ ಬಟ್ಟೆಯನ್ನು ತೆಗೆಯಿರಿ. ಕುದಿನೀರು ಹೀರಿಕೊಂಡ ಬಟ್ಟೆ ಬಿಸಿಯನ್ನು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಮಗುವಾಗಿದ್ದರೆ ಡಯಾಪರನ್ನೂ ಬಿಚ್ಚಿ. ಆದರೆ ಬಟ್ಟೆ ಕರಗಿ ಚರ್ಮಕ್ಕೆ ಅಂಟಿದ್ದರೆ ಕೀಳಬೇಡಿ. ಅದರ ಮೇಲೆಯೇ ನೀರು ಹರಿಸಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಹೀಗೆ ಕರಗಿ ಅಂಟುತ್ತವೆ. ಮೈಮೇಲೆ ಬಿಸಿ ಬಿದ್ದಾಗ ನಾಚಿಕೆಯಿಂದ ಬಟ್ಟೆ ತೆಗೆಯದೆ ಉಳಿಯುವ ಹೆಣ್ಣುಮಕ್ಕಳಿದ್ದಾರೆ. ಉಳಿದವರು ಹೊರಗೆ ಹೋಗಿ, ಮನೆಯ ಒಬ್ಬ ಹೆಂಗಸು ಜೊತೆಗೆ ನಿಂತರೆ ಬಚ್ಚಲುಮನೆಯಲ್ಲೇ ಇದು ಮುಗಿಯುತ್ತದೆ. ಆದರೆ ತಡ ಬೇಡ.

4. ನಲ್ಲಿಯ ಕೆಳಗೆ 20 ನಿಮಿಷ ಹಿಡಿಯಿರಿ. ನೀರು ರಭಸದಿಂದ ಬೀಳಬೇಕಾಗಿಲ್ಲ. ತೆಳುವಾಗಿ, ನಿಲ್ಲದೆ ಹರಿದರೆ ಸಾಕು. ಗಡಿಯಾರ ನೋಡಿಕೊಳ್ಳಿ. ಎರಡು ನಿಮಿಷಕ್ಕೆ ಉರಿ ಕಡಿಮೆಯಾಯಿತೆಂದು ಕೈ ತೆಗೆಯುವವರೇ ಹೆಚ್ಚು. ತೆಗೆದ ಕೂಡಲೇ ಉರಿ ಮರಳಿ ಬರುತ್ತದೆ, ಒಳಗಿನ ಬಿಸಿ ಇನ್ನೂ ಇದೆ ಎಂದರ್ಥ.

ಬೇಸಿಗೆಯ ಮಧ್ಯಾಹ್ನ ಟ್ಯಾಂಕಿನ ನೀರೇ ಬಿಸಿಯಾಗಿರುತ್ತದೆ. ಮೊದಲು ಸ್ವಲ್ಪ ನೀರು ಹರಿಯಬಿಟ್ಟು ನೋಡಿ. ಆಗಲೂ ಬಿಸಿಯಿದ್ದರೆ ಒಳಗೆ ತುಂಬಿಟ್ಟ ಬಕೆಟ್ಟಿನ ನೀರು ಅಥವಾ ಬಾವಿಯ ನೀರು ಬಳಸಿ. ನಲ್ಲಿಯಲ್ಲಿ ನೀರೇ ಇಲ್ಲವೆಂದಾದರೆ ತಂಬಿಗೆಯಿಂದ ನಿಧಾನವಾಗಿ ಹೊಯ್ಯುತ್ತಾ ಇರಿ, ಇಲ್ಲವೇ ಶುಭ್ರ ಪಾತ್ರೆಯ ನೀರಲ್ಲಿ ಕೈ ಮುಳುಗಿಸಿ, ನೀರು ಬೆಚ್ಚಗಾದಂತೆ ಬದಲಿಸುತ್ತಿರಿ. ಮುಖದಂತಹ ಜಾಗಕ್ಕೆ ಒದ್ದೆ ಬಟ್ಟೆಯನ್ನು ಮತ್ತೆ ಮತ್ತೆ ಬದಲಿಸುತ್ತಾ ಇಡಬಹುದು.

5. ಚಿಕ್ಕ ಮಕ್ಕಳ ವಿಷಯದಲ್ಲಿ ಎಚ್ಚರ. ಗಾಯವನ್ನು ತಣಿಸಿ, ಮಗುವನ್ನು ಬೆಚ್ಚಗಿಡಿ. ನೀರು ಸುಟ್ಟ ಜಾಗದ ಮೇಲೆ ಮಾತ್ರ ಬೀಳಲಿ. ಉಳಿದ ಮೈಯನ್ನು ಒಣ ಟವೆಲಿನಿಂದ ಸುತ್ತಿರಿ. ಮಗು ನಡುಗಲು ಶುರುಮಾಡಿದರೆ ನಿಲ್ಲಿಸಿ.

6. ಮುಚ್ಚಿ. 20 ನಿಮಿಷದ ನಂತರ ಶುಭ್ರವಾದ, ನೂಲು ಬಿಡದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಹೊದಿಸಿ. ಅಡುಗೆಮನೆಯಲ್ಲಿ ಆಹಾರ ಮುಚ್ಚುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇದ್ದರೆ ಅದು ಇನ್ನೂ ಉತ್ತಮ. ಸುರುಳಿಯ ಮೊದಲ ಸುತ್ತನ್ನು ಎಸೆದು, ಒಳಗಿನ ಭಾಗವನ್ನು ಗಾಯದ ಮೇಲೆ ಉದ್ದಕ್ಕೆ ಹಾಸಿ. ಕೈಯ ಸುತ್ತ ಬಿಗಿಯಾಗಿ ಸುತ್ತಬೇಡಿ, ಮುಖಕ್ಕೆ ಹಾಕಲೇಬೇಡಿ. ಗಾಳಿ ತಾಗದಿದ್ದರೆ ನೋವು ಕಡಿಮೆ. ಹತ್ತಿಯನ್ನು ನೇರವಾಗಿ ಇಡಬೇಡಿ. ಅದರ ಎಳೆಗಳು ಗಾಯಕ್ಕೆ ಅಂಟಿಕೊಳ್ಳುತ್ತವೆ.

7. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ತೂಕಕ್ಕೆ ತಕ್ಕ ಪ್ರಮಾಣ ಮಾತ್ರ ಕೊಡಿ. ವೈದ್ಯರು ಹಿಂದೆ ಬರೆದುಕೊಟ್ಟ ಪ್ರಮಾಣ ಹಳೆಯದಾಗಿದ್ದರೆ ಔಷಧದಂಗಡಿಯಲ್ಲಿ ಮಗುವಿನ ಈಗಿನ ತೂಕ ಹೇಳಿ ಕೇಳಿ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಸುಟ್ಟ ಕೈಯನ್ನು ದಿಂಬಿನ ಮೇಲೆ ಎತ್ತರಿಸಿಟ್ಟುಕೊಂಡರೆ ಮಿಡಿಯುವ ನೋವು ತಗ್ಗುತ್ತದೆ.

ನೀರು ತಾಗಿದರೆ ಗುಳ್ಳೆ ಏಳುತ್ತದೆಯೇ?

ಇದು ನಮ್ಮ ಮನೆಗಳಲ್ಲಿ ಬೇರುಬಿಟ್ಟ ನಂಬಿಕೆ. ನೀರು ಹಾಕಿದರು, ಸ್ವಲ್ಪ ಹೊತ್ತಿನಲ್ಲಿ ಗುಳ್ಳೆ ಎದ್ದಿತು. ಹಾಗಾಗಿ ನೀರಿನಿಂದಲೇ ಗುಳ್ಳೆ ಎಂದು ತೋರುವುದು ಸಹಜ. ಆದರೆ ಗುಳ್ಳೆಯೊಳಗೆ ಇರುವುದು ನಲ್ಲಿಯ ನೀರಲ್ಲ. ಬಿಸಿಯಿಂದ ಚರ್ಮದ ಮೇಲ್ಪದರ ಕೆಳಪದರದಿಂದ ಬೇರ್ಪಟ್ಟಾಗ, ಹಾನಿಗೊಂಡ ಸಣ್ಣ ರಕ್ತನಾಳಗಳಿಂದ ಜಿನುಗುವ ದ್ರವ ಆ ನಡುವಿನ ಜಾಗದಲ್ಲಿ ತುಂಬಿಕೊಳ್ಳುತ್ತದೆ. ಅದೇ ಗುಳ್ಳೆ. ಗುಳ್ಳೆ ಏಳುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಬಿಸಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು. ನೀರು ಆ ಆಳವನ್ನು ಕಡಿಮೆ ಮಾಡುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ನೀರು ಹಾಕದಿದ್ದರೆ ಅದೇ ಗುಳ್ಳೆ ಇನ್ನೂ ದೊಡ್ಡದಾಗಿ ಬರುತ್ತಿತ್ತು.

ಹಾಗೆಂದು ಮಂಜುಗಡ್ಡೆ ಇಡಬೇಡಿ. ಅತಿಯಾದ ತಂಪಿಗೆ ರಕ್ತನಾಳಗಳು ಮುದುಡುತ್ತವೆ. ಮೊದಲೇ ಬಿಸಿಯಿಂದ ಸೋತ ಚರ್ಮಕ್ಕೆ ರಕ್ತ ಸಿಗದೆ ಗಾಯ ಆಳವಾಗುತ್ತದೆ. ಬಿಸಿಯಿಂದ ಒಮ್ಮೆ, ಮಂಜಿನಿಂದ ಇನ್ನೊಮ್ಮೆ ಸುಟ್ಟಂತೆ.

ಹಚ್ಚಬಾರದ ವಸ್ತುಗಳು

ಟೂತ್‌ಪೇಸ್ಟ್: ಅದರಲ್ಲಿರುವ ಪುದೀನದ ಅಂಶ ತಂಪೆನಿಸುತ್ತದೆ, ಆದರೆ ಚರ್ಮದ ಬಿಸಿ ಇಳಿಯುವುದಿಲ್ಲ. ಒಣಗಿ ಗಟ್ಟಿಯಾದ ಪೇಸ್ಟನ್ನು ಆಸ್ಪತ್ರೆಯಲ್ಲಿ ಉಜ್ಜಿ ತೆಗೆಯುವಾಗ ಆಗುವ ನೋವು ಸುಟ್ಟಾಗಿನ ನೋವಿಗಿಂತ ಕಡಿಮೆಯೇನಲ್ಲ.

ಬೆಣ್ಣೆ, ತುಪ್ಪ, ತೆಂಗಿನೆಣ್ಣೆ: ಇವು ಬಿಸಿ ಹೊರಹೋಗದಂತೆ ಮೇಲಿನಿಂದ ಮುಚ್ಚಳ ಹಾಕುತ್ತವೆ. ಗಾಯ ಪೂರ್ತಿ ಮಾಗಿ ಹೊಸ ಚರ್ಮ ಬಂದ ಮೇಲೆ ತೆಂಗಿನೆಣ್ಣೆ ಸವರಿದರೆ ತೊಂದರೆಯಿಲ್ಲ. ಸುಟ್ಟ ಕೂಡಲೇ ಬೇಡ.

ಅರಶಿನ, ಕಾಫಿ ಪುಡಿ, ಶಾಯಿ: ಇವು ಗಾಯದ ಬಣ್ಣವನ್ನೇ ಮರೆಮಾಡುತ್ತವೆ. ವೈದ್ಯರು ಗಾಯದ ಆಳ ಅಳೆಯುವುದು ಮುಖ್ಯವಾಗಿ ಬಣ್ಣ ನೋಡಿ. ಹಳದಿ ಅಥವಾ ನೀಲಿ ಬಳಿದ ಚರ್ಮದಲ್ಲಿ ಅವರಿಗೆ ಏನೂ ಕಾಣುವುದಿಲ್ಲ.

ಮೊಟ್ಟೆಯ ಬಿಳಿ: ಹಸಿ ಮೊಟ್ಟೆಯಲ್ಲಿ ರೋಗಾಣುಗಳಿರಬಹುದು. ತೆರೆದ ಗಾಯಕ್ಕೆ ಅವನ್ನು ನಾವೇ ಆಹ್ವಾನಿಸಿದಂತಾಗುತ್ತದೆ.

ಜೇನು: ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಜೇನಿನಲ್ಲಿ ಶಮನವಿದೆ ಎಂಬ ಕುರ್‌ಆನಿನ ಮಾತು ನಮಗೆಲ್ಲ ಗೊತ್ತು. ಸುಟ್ಟ ಗಾಯಗಳ ಮೇಲೆ ಜೇನಿನ ಪರಿಣಾಮವನ್ನು ವೈದ್ಯರೂ ಪರೀಕ್ಷಿಸಿದ್ದಾರೆ; ಮೇಲ್ಮಟ್ಟದ ಗಾಯಗಳು ಮಾಗಲು ಅದು ನೆರವಾಗುತ್ತದೆ ಎಂದೂ ಕಂಡುಬಂದಿದೆ. ಆದರೆ ವೈದ್ಯರು ಗಾಯಕ್ಕೆ ಬಳಸುವುದು ಅದಕ್ಕೆಂದೇ ರೋಗಾಣುರಹಿತಗೊಳಿಸಿದ ಜೇನನ್ನು, ಅದೂ ಗಾಯ ತಣಿದು ಸ್ವಚ್ಛವಾದ ಮೇಲೆ. ಎಲ್ಲರ ಚಮಚ ಮುಳುಗಿದ ಅಡುಗೆಮನೆಯ ಬಾಟಲಿಯ ಜೇನು ಅದಲ್ಲ. ಹಾಗಾಗಿ ಸುಟ್ಟ ಕೂಡಲೇ ಜೇನು ಹಚ್ಚಿ ನೀರನ್ನು ಬಿಟ್ಟರೆ ಶಮನದ ದಾರಿಯನ್ನು ನಾವೇ ತಪ್ಪಿಸಿಕೊಂಡಂತೆ.

ಬಿಳಿ ಕ್ರೀಮ್: ಸುಟ್ಟ ಗಾಯಕ್ಕೆಂದು ಔಷಧದಂಗಡಿಯಲ್ಲಿ ಸಿಗುವ ಬೆಳ್ಳಿಯ ಅಂಶವಿರುವ ಬಿಳಿ ಮುಲಾಮು ಹಲವರ ಮನೆಯಲ್ಲಿದೆ. ವೈದ್ಯರು ನೋಡುವ ಮೊದಲು ಅದನ್ನು ದಪ್ಪಗೆ ಮೆತ್ತಬೇಡಿ. ಗಾಯದ ರೂಪ ಮರೆಯಾಗುತ್ತದೆ. ಸಣ್ಣ ಗಾಯಕ್ಕೆ ಅದು ಬೇಕಾಗಿಯೂ ಇಲ್ಲ. ಮಾಗುವುದನ್ನು ನಿಧಾನ ಮಾಡುವುದೂ ಉಂಟು. ತುಂಬು ಗರ್ಭಿಣಿಯರಿಗೆ, ಎರಡು ತಿಂಗಳೊಳಗಿನ ಶಿಶುಗಳಿಗೆ ಅದನ್ನು ಹಚ್ಚಬಾರದು.

ಗಾಯ ಎಷ್ಟು ಆಳ? ನೋವನ್ನು ನಂಬಬೇಡಿ

"ಹೆಚ್ಚು ನೋವಿಲ್ಲ, ಹಾಗಾಗಿ ಚಿಂತೆಯಿಲ್ಲ" ಎಂಬ ಲೆಕ್ಕ ಸುಟ್ಟ ಗಾಯದಲ್ಲಿ ತಪ್ಪಾಗುತ್ತದೆ. ನೋವು ತಿಳಿಯುವುದು ಚರ್ಮದೊಳಗಿನ ನರಗಳ ತುದಿಗಳಿಂದ. ಅವು ಬದುಕಿರುವವರೆಗೆ ಉರಿ. ಅವೇ ಸುಟ್ಟುಹೋದರೆ ನೋವೂ ಇಲ್ಲ.

ಮೇಲ್ಪದರ ಮಾತ್ರ ಸುಟ್ಟರೆ ಚರ್ಮ ಕೆಂಪಾಗುತ್ತದೆ, ಉರಿಯುತ್ತದೆ, ಗುಳ್ಳೆ ಬರುವುದಿಲ್ಲ. ಸುಮಾರು ಒಂದು ವಾರದಲ್ಲಿ ಕಲೆ ಉಳಿಯದೆ ವಾಸಿಯಾಗುತ್ತದೆ. ಎರಡನೆಯ ಪದರದ ಮೇಲ್ಭಾಗಕ್ಕೆ ತಲುಪಿದರೆ ಗುಳ್ಳೆ ಏಳುತ್ತದೆ. ಅದರಡಿಯ ಚರ್ಮ ಗುಲಾಬಿ ಬಣ್ಣವಿದ್ದು ಒದ್ದೆಯಾಗಿರುತ್ತದೆ, ಗಾಳಿ ತಾಗಿದರೂ ನೋವು. ಇದು ಮಾಗಲು ಎರಡರಿಂದ ಮೂರು ವಾರ ಬೇಕು. ಇನ್ನೂ ಆಳಕ್ಕಿಳಿದರೆ ಚರ್ಮ ಬಿಳಿಚಿಕೊಂಡು, ಕಂದಾಗಿ ಅಥವಾ ಕರಿಕಾಗಿ, ತೊಗಲಿನಂತೆ ಬಿರುಸಾಗುತ್ತದೆ, ಮುಟ್ಟಿದರೆ ಗೊತ್ತಾಗುವುದಿಲ್ಲ. ಕಪ್ಪು ಅಥವಾ ಗಾಢ ಮೈಬಣ್ಣದವರಲ್ಲಿ ಕೆಂಪು ಸುಲಭವಾಗಿ ಕಾಣದು. ಮುಟ್ಟಿ ನೋಡಿದಾಗಿನ ಬಿಸಿ, ಊತ, ನೋವುಗಳನ್ನು ಗಮನಿಸಿ.

ಆಸ್ಪತ್ರೆಗೆ ಯಾವಾಗ?

ನೀರು ಹಿಡಿದ ನಂತರ ಕೆಳಗಿನ ಯಾವುದಾದರೂ ಒಂದು ಇದ್ದರೆ ಆಸ್ಪತ್ರೆಗೆ ಹೋಗಿ:

• ಗಾಯ ಸುಟ್ಟುಕೊಂಡವರ ಅಂಗೈಗಿಂತ ದೊಡ್ಡದಿದ್ದರೆ. ಬೆರಳುಗಳೂ ಸೇರಿದ ಅಂಗೈ ಮೈಯ ಚರ್ಮದ ಸುಮಾರು ಶೇಕಡಾ 1ರಷ್ಟು. ಮಗುವಿನ ಗಾಯವನ್ನು ಮಗುವಿನ ಅಂಗೈಯಿಂದಲೇ ಅಳೆಯಿರಿ, ನಿಮ್ಮದರಿಂದಲ್ಲ.
• ಮುಖ, ಕಣ್ಣು, ಕುತ್ತಿಗೆ, ಪಾದ, ಕೀಲುಗಳು ಅಥವಾ ಗುಪ್ತಾಂಗ ಸುಟ್ಟಿದ್ದರೆ. ಕೈಯಲ್ಲಿ ಗುಳ್ಳೆ ಎದ್ದಿದ್ದರೆ.
• ಗಾಯ ಬೆರಳು, ಕೈ ಅಥವಾ ಕಾಲನ್ನು ಬಳೆಯಂತೆ ಸುತ್ತುವರಿದಿದ್ದರೆ.
• ಚರ್ಮ ಬಿಳಿ, ಕಂದು ಅಥವಾ ಕಪ್ಪಾಗಿದ್ದು ಸ್ಪರ್ಶ ತಿಳಿಯದಿದ್ದರೆ.
• ವಿದ್ಯುತ್ ಅಥವಾ ಆಸಿಡ್‌ನಿಂದ ಸುಟ್ಟಿದ್ದರೆ. ವಿದ್ಯುತ್ ಗಾಯ ಹೊರಗೆ ಚುಕ್ಕೆಯಷ್ಟಿದ್ದರೂ ಒಳಗೆ ದೊಡ್ಡದಿರಬಹುದು.
• ಹೊಗೆ ಒಳಹೋಗಿ ಕೆಮ್ಮು, ಸ್ವರ ಒಡೆಯುವುದು, ಉಸಿರಾಟದ ತೊಂದರೆ ಇದ್ದರೆ.
• ಐದು ವರ್ಷದೊಳಗಿನ ಮಕ್ಕಳು, ವೃದ್ಧರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಆಗಿದ್ದರೆ.

ದೊಡ್ಡ ಗಾಯವಾದರೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೂ ನೀರು ಹರಿಸುವುದನ್ನು ಬಿಡಬೇಡಿ.

ವೈದ್ಯರ ಬಳಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ಕೊನೆಯ ಚುಚ್ಚುಮದ್ದು ಪಡೆದು ಐದು ವರ್ಷ ಕಳೆದಿದ್ದರೆ ಅಥವಾ ಯಾವಾಗ ಪಡೆದದ್ದೆಂದು ನೆನಪಿಲ್ಲದಿದ್ದರೆ ಅದನ್ನು ಹೇಳಿ.

ಗಾಯ ಮೈಯ ಮರೆಯಲ್ಲಿದೆ, ವೈದ್ಯೆ ಇಲ್ಲ ಎಂಬ ಕಾರಣಕ್ಕೆ ಹೆಂಗಸರು ದಿನಗಟ್ಟಲೆ ತಡ ಮಾಡುವುದುಂಟು. ವೈದ್ಯೆಯನ್ನು ಅಥವಾ ನರ್ಸನ್ನು ಕೇಳುವ ಹಕ್ಕು ನಿಮಗಿದೆ, ಕೇಳಿ. ಸಿಗದಿದ್ದಾಗ ಅಗತ್ಯವಿರುವಷ್ಟು ಭಾಗವನ್ನು ವೈದ್ಯರಿಗೆ ತೋರಿಸಲು ಧರ್ಮ ಅಡ್ಡಿಯಾಗುವುದಿಲ್ಲ. ಗಂಡ ಅಥವಾ ಮನೆಯ ಹೆಂಗಸೊಬ್ಬರು ಜೊತೆಗಿದ್ದರೆ ಧೈರ್ಯ.

ಸಕ್ಕರೆ ಕಾಯಿಲೆಯವರ ಬಗ್ಗೆ ಇನ್ನೊಂದು ಮಾತು. ಅವರ ಪಾದಗಳಲ್ಲಿ ಸ್ಪರ್ಶ ಕುಗ್ಗಿರಬಹುದು. ಕಾಲುನೋವಿಗೆಂದು ಬಿಸಿನೀರಿನ ಚೀಲ ಇಟ್ಟುಕೊಂಡು ನಿದ್ದೆ ಹೋದ ಹಿರಿಯರಿಗೆ ಸುಟ್ಟದ್ದು ಬೆಳಿಗ್ಗೆ ಗುಳ್ಳೆ ಕಂಡಾಗಲೇ ಗೊತ್ತಾಗುತ್ತದೆ. ಅವರ ಕಾಲಿಗೆ ಹೊಯ್ಯುವ ನೀರನ್ನು ಬೇರೆಯವರು ಮುಟ್ಟಿ ನೋಡಬೇಕು.

ಮುಂದಿನ ದಿನಗಳ ಆರೈಕೆ

ಸಣ್ಣ ಗಾಯವಾದರೆ, ಅಥವಾ ವೈದ್ಯರು ನೋಡಿ ಮನೆಯಲ್ಲೇ ನೋಡಿಕೊಳ್ಳಿ ಎಂದರೆ, ಹೀಗೆ ಮಾಡಿ. ಮೊದಲು ನಿಮ್ಮ ಕೈಯನ್ನು ಸೋಪು ಹಾಕಿ ತೊಳೆಯಿರಿ. ಗಾಯವನ್ನು ಶುದ್ಧ ನೀರು ಮತ್ತು ಸೌಮ್ಯವಾದ ಸೋಪಿನಿಂದ ಮೆಲ್ಲನೆ ತೊಳೆದು, ಶುಭ್ರ ಬಟ್ಟೆಯಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ಗಾಯಕ್ಕೆ ಅಂಟದ ಗಾಜ್ ಬಟ್ಟೆಯಿಟ್ಟು ಸಡಿಲವಾಗಿ ಪಟ್ಟಿ ಕಟ್ಟಿ. ದಿನಕ್ಕೊಮ್ಮೆ, ಇಲ್ಲವೇ ಒದ್ದೆಯಾದಾಗ, ಕೊಳೆಯಾದಾಗ ಬದಲಿಸಿ. ಪಟ್ಟಿ ಅಂಟಿಕೊಂಡಿದ್ದರೆ ನೀರಿನಿಂದ ನೆನೆಸಿ ಬಿಡಿಸಿ. ಬೆರಳುಗಳು ಸುಟ್ಟಿದ್ದರೆ ಒಂದೊಂದಕ್ಕೂ ಬೇರೆ ಬೇರೆ ಪಟ್ಟಿ ಕಟ್ಟಿ. ಮಾಗುತ್ತಿದ್ದಂತೆ ಮಡಚಿ ಬಿಡಿಸುತ್ತಿರಿ, ಇಲ್ಲವಾದರೆ ಬಿಗಿತ ಬರುತ್ತದೆ.

ಗುಳ್ಳೆಯನ್ನು ಸೂಜಿಯಿಂದ ಒಡೆಯಬೇಡಿ. ಅದರ ಮೇಲಿನ ಚರ್ಮ ನಿಮಗೆ ಪುಕ್ಕಟೆ ಸಿಕ್ಕಿದ ಪಟ್ಟಿ. ಒಳಗಿನ ಹಸಿ ಚರ್ಮವನ್ನು ರೋಗಾಣುಗಳಿಂದ ಕಾಯುತ್ತದೆ. ತಾನಾಗಿ ಒಡೆದರೆ ಆ ಚರ್ಮವನ್ನು ಕಿತ್ತು ತೆಗೆಯದೆ ತೊಳೆದು ಮುಚ್ಚಿ.

ನೋವು ದಿನ ಕಳೆದಂತೆ ಇಳಿಯಬೇಕು. ಇಳಿಯುವ ಬದಲು ಏರಿದರೆ, ಸುತ್ತಲಿನ ಕೆಂಪು ಹರಡಿದರೆ, ಕೀವು ಅಥವಾ ದುರ್ವಾಸನೆ ಬಂದರೆ, ಜ್ವರ ಬಂದರೆ ವೈದ್ಯರನ್ನು ಕಾಣಿ. ಸುಟ್ಟ ಗಾಯವಿರುವ ಮಗುವಿಗೆ ಮುಂದಿನ ಕೆಲವು ದಿನಗಳಲ್ಲಿ ಜ್ವರದ ಜೊತೆ ವಾಂತಿ, ಭೇದಿ ಅಥವಾ ಮೈಯಲ್ಲಿ ದಡಸು ಕಂಡರೆ ಗಾಯ ಎಷ್ಟೇ ಚಿಕ್ಕದಿರಲಿ ಅಂದೇ ಆಸ್ಪತ್ರೆಗೆ ಒಯ್ಯಿರಿ. ಇದು ಅಪರೂಪ, ಆದರೆ ಅಪಾಯಕಾರಿ. ಮೂರು ವಾರವಾದರೂ ಮಾಗದ ಗಾಯವನ್ನೂ ತೋರಿಸಲೇಬೇಕು.

ಮಾಗುವಾಗ ತುರಿಕೆ ಸಾಮಾನ್ಯ. ಕೆರೆಯದೆ ವಾಸನೆಯಿಲ್ಲದ ಕ್ರೀಮ್ ಅಥವಾ ಎಣ್ಣೆ ಸವರಿ. ಹೊಸ ಚರ್ಮಕ್ಕೆ ಬಿಸಿಲು ತಾಗಿದರೆ ಕಪ್ಪು ಕಲೆ ಉಳಿಯುತ್ತದೆ. ಹಲವು ತಿಂಗಳು ಮುಚ್ಚಿಕೊಳ್ಳಿ. ಈದ್ ಹತ್ತಿರ ಬಂತೆಂದು ಮಾಗುತ್ತಿರುವ ಕೈಗೆ ಮೆಹಂದಿ ಹಚ್ಚಬೇಡಿ. ಬೇಗ ಕಪ್ಪಾಗುವ ಮೆಹಂದಿ ಕೋನ್‌ಗಳಲ್ಲಿ ಕೂದಲ ಬಣ್ಣದ ರಾಸಾಯನಿಕ ಬೆರೆಸುವುದುಂಟು. ಅದು ಒಳ್ಳೆಯ ಚರ್ಮದಲ್ಲೇ ಗುಳ್ಳೆ ಎಬ್ಬಿಸಬಲ್ಲದು.

ವುಝೂ ಮತ್ತು ಉಪವಾಸ

ಪಟ್ಟಿ ಕಟ್ಟಿದ ಕೈಯಲ್ಲಿ ವುಝೂ ಹೇಗೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ದಿನಕ್ಕೆ ಐದು ಬಾರಿ ಪಟ್ಟಿ ಬಿಚ್ಚಿ ಕಟ್ಟಿದರೆ ಗಾಯ ಮಾಗುವುದಿಲ್ಲ. ಒದ್ದೆ ಪಟ್ಟಿ ಹಾಗೆಯೇ ಉಳಿದರೆ ಸೋಂಕು. ಬಿಚ್ಚುವುದರಿಂದ ತೊಂದರೆಯಾಗುವುದಾದರೆ ಉಳಿದ ಭಾಗವನ್ನು ತೊಳೆದು ಪಟ್ಟಿಯ ಮೇಲೆ ಒದ್ದೆ ಕೈಯಿಂದ ಸವರುವ, ಅಂದರೆ ಮಸಹ್ ಮಾಡುವ ರಿಯಾಯಿತಿಯನ್ನು ಕರ್ಮಶಾಸ್ತ್ರ ಪಂಡಿತರು ಹೇಳಿದ್ದಾರೆ. ಅದರ ಜೊತೆಗೆ ತಯಮ್ಮುಮ್ ಕೂಡಾ ಬೇಕೇ ಎಂಬಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ನಿಮ್ಮ ಮಸೀದಿಯ ಉಸ್ತಾದರಲ್ಲಿ ಕೇಳಿಕೊಳ್ಳಿ. ಸವರುವಾಗ ಕೈ ಹಿಂಡುವಷ್ಟು ಒದ್ದೆ ಬೇಡ, ತೇವ ಸಾಕು. ನೀರು ಗಾಯಕ್ಕೆ ಹಾನಿಯೇ ಎಂಬುದನ್ನು ವೈದ್ಯರಲ್ಲಿ ಕೇಳಿ ತಿಳಿದು ಉಸ್ತಾದರಿಗೆ ಹೇಳಿದರೆ ಉತ್ತರ ಸುಲಭ.

ಉಪವಾಸವಿರುವಾಗ ಗಾಯಕ್ಕೆ ನೀರು ಹರಿಸುವುದರಿಂದ, ಚರ್ಮದ ಮೇಲೆ ಮುಲಾಮು ಸವರುವುದರಿಂದ ಉಪವಾಸ ಮುರಿಯುವುದಿಲ್ಲ. ಸಣ್ಣ ಗಾಯದ ನೋವಿಗೆ ಮಾತ್ರೆಯನ್ನು ಇಫ್ತಾರ್ ಮತ್ತು ಸಹರಿಯ ಹೊತ್ತಿಗೆ ತೆಗೆದುಕೊಳ್ಳಬಹುದು. ಗಾಯ ದೊಡ್ಡದಾದರೆ ದೇಹ ಆ ಗಾಯದ ಮೂಲಕ ನೀರು ಕಳೆದುಕೊಳ್ಳುತ್ತದೆ; ವೈದ್ಯರು ಕುಡಿಯಬೇಕು ಎಂದರೆ ಕುಡಿಯಲೇಬೇಕು. ರೋಗಿಗೆ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಪೂರೈಸುವ ಅನುಮತಿ ಇರುವುದು ಇಂಥ ಹೊತ್ತಿಗೇ.

ಸುಡದಂತೆ ನೋಡಿಕೊಳ್ಳುವುದು

• ಬಾಣಲೆ, ಪಾತ್ರೆಗಳ ಹಿಡಿಯನ್ನು ಗೋಡೆಯ ಕಡೆಗೆ ತಿರುಗಿಸಿಡಿ. ನಡೆಯಲು ಕಲಿತ ಮಗುವಿನ ಕೈಗೆ ಮೊದಲು ಸಿಗುವುದೇ ಆ ಹಿಡಿ.
• ಮಗುವನ್ನು ಎತ್ತಿಕೊಂಡು ಚಹಾ ಕುಡಿಯಬೇಡಿ, ಒಲೆಯ ಬಳಿ ನಿಲ್ಲಬೇಡಿ. ಸುಪ್ರದ ಮೇಲೆ ಬಿಸಿ ಪಾತ್ರೆಗಳನ್ನು ನಡುವೆ ಇಡಿ. ಮಕ್ಕಳು ಅಂಚು ಹಿಡಿದೆಳೆಯುತ್ತಾರೆ.
• ಸ್ನಾನಕ್ಕೆ ಬಕೆಟ್ಟಿಗೆ ಮೊದಲು ತಣ್ಣೀರು, ಮೇಲೆ ಬಿಸಿನೀರು. ಹಂಡೆಯ ನೀರನ್ನು ತುಂಬಿಟ್ಟು ತಣ್ಣೀರು ತರಲು ಹೋಗಬೇಡಿ. ಮಗುವಿನ ಚರ್ಮ ತೆಳು. ದೊಡ್ಡವರು ತಡೆಯುವ ಬಿಸಿ ಅದಕ್ಕೆ ಸುಡುತ್ತದೆ.
• ಕುಕ್ಕರಿನ ಒತ್ತಡ ಪೂರ್ತಿ ಇಳಿದ ಮೇಲೆ ಮುಚ್ಚಳ ತೆಗೆಯಿರಿ. ದಮ್ ಪಾತ್ರೆಯ ಮುಚ್ಚಳವನ್ನು ನಿಮ್ಮಿಂದಾಚೆಗೆ ಎತ್ತಿ, ಆವಿ ಎದುರು ದಿಕ್ಕಿಗೆ ಹೋಗಲಿ.
• ಕರಿಯುವ ವಸ್ತುವಿನ ನೀರು ಒರೆಸಿ, ಬಾಣಲೆಯ ಅಂಚಿನಿಂದ ಮೆಲ್ಲನೆ ಜಾರಿಸಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ. ಗ್ಯಾಸ್ ಬಂದ್ ಮಾಡಿ ಮುಚ್ಚಳ ಮುಚ್ಚಿ.
• ಅಡುಗೆಯ ಹೊತ್ತಿಗೆ ದುಪಟ್ಟಾದ ತುದಿಯನ್ನು ಹಿಂದಕ್ಕೆ ಸಿಕ್ಕಿಸಿಕೊಳ್ಳಿ. ಒಲೆಯ ಮುಂದೆ ಸಡಿಲ ತೋಳಿನ ಪಾಲಿಯೆಸ್ಟರ್ ಬೇಡ, ಹತ್ತಿ ಬಟ್ಟೆ ಇರಲಿ.
• ಬಿಸಿ ಪಾತ್ರೆ ಇಳಿಸಲು ಒಣ ಬಟ್ಟೆ ಬಳಸಿ. ಒದ್ದೆ ಬಟ್ಟೆಯ ಮೂಲಕ ಬಿಸಿ ಕೂಡಲೇ ಕೈಗೆ ದಾಟುತ್ತದೆ.

ಮನೆಯವರಿಗೆ ಒಂದು ಮಾತು

20 ನಿಮಿಷ ನೀರು ಹಿಡಿಯಿರಿ ಎಂದು ಬರೆಯುವುದು ಸುಲಭ. ಬಾಂಗಿಗೆ ಅರ್ಧ ಗಂಟೆ ಇರುವಾಗ, ಬಾಣಲೆಯಲ್ಲಿ ಸಮೋಸ ಅರ್ಧ ಬೆಂದಿರುವಾಗ, ಅಡುಗೆ ಮಾಡುವಾಕೆಗೆ ಆ 20 ನಿಮಿಷ ಎಲ್ಲಿಂದ ಬರಬೇಕು? ಬಹುತೇಕ ಮನೆಗಳಲ್ಲಿ ಸುಟ್ಟ ಗಾಯ ಕೆಡುವುದು ತಿಳಿವಳಿಕೆ ಇಲ್ಲದ್ದರಿಂದ ಮಾತ್ರವಲ್ಲ, ಅವಳ ಜಾಗದಲ್ಲಿ ಇನ್ನೊಬ್ಬರು ನಿಲ್ಲದ್ದರಿಂದ. ಅಡುಗೆಮನೆಯಿಂದ "ಆ!" ಎಂಬ ಸ್ವರ ಕೇಳಿದರೆ ಗಂಡಸರು, ಬೆಳೆದ ಮಕ್ಕಳು ಎದ್ದು ಹೋಗಿ. ಒಲೆ ಆರಿಸಿ, ಅವಳನ್ನು ನಲ್ಲಿಯ ಬಳಿ ನಿಲ್ಲಿಸಿ, ಗಡಿಯಾರ ನೋಡಿ. ಉಳಿದದ್ದನ್ನು ನೀವು ಕರಿಯಿರಿ, ಇಲ್ಲವೇ ಕರಿಯದೆ ಬಿಡಿ. ಖರ್ಜೂರ ಮತ್ತು ನೀರಿನಿಂದಲೂ ಉಪವಾಸ ತೊರೆಯಬಹುದು.

ಅಡುಗೆ ಮಾಡುವ ಸಹೋದರಿಯರೇ, "ಏನಿಲ್ಲ, ಸ್ವಲ್ಪ ಸಿಡಿಯಿತು" ಎಂದು ಅಡಗಿಸಬೇಡಿ, ಮನೆಯವರನ್ನು ಕರೆಯಿರಿ. ನಾಳೆಯೂ ಅದೇ ಕೈಯಿಂದ ಮಗುವನ್ನು ಎತ್ತಬೇಕು, ವುಝೂ ಮಾಡಬೇಕು, ತುತ್ತು ಕಟ್ಟಬೇಕು. ಆ ಕೈಗೆ 20 ನಿಮಿಷ ಕೊಡಿ.